ಒಂದು ಲಕ್ಷದೊಳಗೆ ಕೈಟ್‌ಸರ್ಫಿಂಗ್ ಸಾಮಾನು: ಗೋವಾದಲ್ಲಿ ಕಲಿಯುವವರಿಗೆ ಖರೀದಿಯ ದಾರಿ

ಹೋದ ವರ್ಷ ದೀಪಾವಳಿ ಮುಗಿದ ವಾರ ಬೆಳಗಾವಿಯಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. “ಅಣ್ಣಾ, ಆನ್‌ಲೈನ್‌ನ್ಯಾಗ ಒಂದು ಕೈಟ್ ಸೆಟ್ ಕಂಡೈತಿ. ಕೈಟು, ಬಾರು, ಬೋರ್ಡು ಎಲ್ಲಾ ಕೂಡಿ ಮೂವತ್ತೈದು ಸಾವಿರ. ತಗೊಂಡ ಬಿಡ್ಲೇನು?”

ಅವನು ಹೇಳಿದ್ದು ಕೈಟ್‌ಸರ್ಫಿಂಗ್ ಸಾಮಾನು. ದೊಡ್ಡ ಗಾಳಿಪಟ ಎಳೆದಂತೆ ಕಾಲಡಿಯ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ ಅದು. ಫೋಟೊ ಕಳಿಸು ಅಂದೆ. ಕೈಟ್ 17 ಚದರ ಮೀಟರ್‌ನದು. ಇವನ ತೂಕ 62 ಕೆ.ಜಿ. ಬಾರ್, ಅಂದರೆ ಕೈಟ್ ನಡೆಸಲು ಹಿಡಿಯುವ ಕೋಲು, ಒಂದು ಕಂಪನಿಯದು, ಕೈಟ್ ಇನ್ನೊಂದರದು. ಕೆಂಪು ಬಟ್ಟೆ ಬಿಸಿಲಿಗೆ ಗುಲಾಬಿ ಆಗಿತ್ತು. ಇಷ್ಟರ ಮೇಲೆ ಇವನು ಇನ್ನೂ ಒಂದು ಕ್ಲಾಸಿಗೂ ಹೋಗಿರಲಿಲ್ಲ.

“ಬ್ಯಾಡೋ ತಮ್ಮಾ” ಅಂದೆ. ಯಾಕೆ ಬೇಡ ಅಂತ ತಿಳಿಸಿ ಹೇಳುವಷ್ಟರಲ್ಲಿ ಒಂದೂವರೆ ಗಂಟೆ ಆಯಿತು. ಅದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆಯುತ್ತಿದ್ದೇನೆ.

ನಾನಿರುವುದು ವಾಸ್ಕೋದಲ್ಲಿ, ಕೆಲಸ ವೆರ್ಣಾದಲ್ಲಿ. ನಾಲ್ಕು ಸೀಸನ್‌ನಿಂದ ಭಾನುವಾರ ಬಂತೆಂದರೆ ಉತ್ತರ ಗೋವಾದ ಮೋರ್ಜಿಂ ಬೀಚಿನ ದಾರಿ ಹಿಡಿಯುತ್ತೇನೆ. ಚಾಂಪಿಯನ್ ಏನೂ ಅಲ್ಲ. ಆದರೆ ಸಾಮಾನು ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಮಾಡಿ ಮುಗಿಸಿದ್ದೇನೆ. ಕಲಿತದ್ದು ಒಂದೇ ಮಾತು. ಈ ಆಟದಲ್ಲಿ ಸಾಮಾನು ಎರಡು ಜಾತಿ: ನಿಮ್ಮನ್ನು ಎಳೆಯುವಂಥದ್ದು, ಅಪಾಯ ಬಂದಾಗ ನಿಮ್ಮನ್ನು ಬಿಡುವಂಥದ್ದು. ಎಳೆಯುವುದನ್ನು ಹಳೆಯದು ಕೊಳ್ಳಬಹುದು, ಚೌಕಾಸಿ ಮಾಡಬಹುದು. ಬಿಡುವುದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಹೆಜ್ಜೆ 1: ಮೊದಲ ದುಡ್ಡು ಕ್ಲಾಸಿಗೆ

ಊರಲ್ಲಿ ಗಾಳಿಪಟ ಹಾರಿಸಿ ಬೆಳೆದವರಿಗೆ ಒಂದು ಭ್ರಮೆ ಇರುತ್ತದೆ. ನನಗೂ ಇತ್ತು. ‘ಗಾಳಿಪಟ ತಾನೇ, ನೋಡಿಕೊಂಡರಾಯಿತು’ ಅಂತ. ಇದು ನಿಮ್ಮನ್ನೇ ನೆಲದಿಂದ ಎತ್ತಿ ಒಗೆಯುವ ಗಾಳಿಪಟ. ವಿಡಿಯೊ ನೋಡಿ ಒಬ್ಬರೇ ಕಲಿಯುವ ವಿದ್ಯೆ ಇದಲ್ಲ.

ಸಾಮಾನ್ಯವಾಗಿ 8ರಿಂದ 12 ಗಂಟೆ ಕ್ಲಾಸ್ ಬೇಕು. ಮೋರ್ಜಿಂ, ಅಶ್ವೆಂ, ಅರಂಬೋಲ್ ಕಡೆ ಸೀಸನ್‌ನಲ್ಲಿ ಕಲಿಸುವವರು ಸಿಗುತ್ತಾರೆ. ಐಕೆಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಇರುವ ಶಿಕ್ಷಕರನ್ನು ಕೇಳಿ. ಅವರ ಪಾಠದಲ್ಲಿ ಡಿಸ್ಕವರಿ, ಇಂಟರ್ಮೀಡಿಯೆಟ್, ಇಂಡಿಪೆಂಡೆಂಟ್ ಅಂತ ಮೆಟ್ಟಿಲುಗಳಿವೆ. ಮೂರನೆಯ ಮೆಟ್ಟಿಲು ಹತ್ತುವ ತನಕ ಕೈಟ್ ಕೊಳ್ಳುವ ಯೋಚನೆಯೇ ಬೇಡ. ಕ್ಲಾಸಿನಲ್ಲಿ ಸಾಮಾನು ಅವರದೇ. ಕೈಟ್ ನೀರಿಗೆ ಅಪ್ಪಳಿಸುವುದು, ಲೈನ್ ಸಿಕ್ಕಾಗುವುದು ಎಲ್ಲಾ ಅವರ ಸಾಮಾನಿನ ಮೇಲೆ ನಡೆಯಲಿ.

ಇನ್ನೊಂದು ಲಾಭವೂ ಇದೆ. ಮೂರ್ನಾಲ್ಕು ತರಹದ ಕೈಟ್ ಕೈಗೆ ಬಂದಿರುತ್ತದೆ. ಯಾವುದು ಹಗುರ, ಯಾವುದು ಜಗ್ಗುತ್ತದೆ ಅಂತ ತೋಳಿಗೇ ಗೊತ್ತಾಗಿರುತ್ತದೆ.

ಹೆಜ್ಜೆ 2: ಗಾಳಿ ಮತ್ತು ತೂಕದ ಲೆಕ್ಕ

ನಮ್ಮ ಕಡೆ ಆಷಾಢ ಬಂತೆಂದರೆ ಗಾಳಿಪಟದ ಕಾಲ. ದೊಡ್ಡಬಳ್ಳಾಪುರದಲ್ಲಂತೂ ಆಕಾಶವೇ ತುಂಬಿರುತ್ತದೆ. ಗೋವಾದಲ್ಲಿ ಉಲ್ಟಾ. ಇಲ್ಲಿ ಆಷಾಢ ಬಂದರೆ ಕೈಟ್ ಮಡಚಿ ಅಟ್ಟಕ್ಕೆ. ಮಳೆಗಾಲದ ಸಮುದ್ರದಲ್ಲಿ ಕಲಿಯುವವರಿಗೆ ಕೆಲಸವಿಲ್ಲ.

ಇಲ್ಲಿನ ಸೀಸನ್ ನವೆಂಬರ್ ಹೊತ್ತಿಗೆ ಶುರುವಾಗಿ ಬೇಸಿಗೆಯವರೆಗೆ ನಡೆಯುತ್ತದೆ. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನಕ್ಕೆ. ಬಿಸಿಯಾದ ಗಾಳಿ ನೆಲದಿಂದ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿ ಹೋದರೆ ಸಾಕು. ಬೆಳಿಗ್ಗೆ ಬೀಸುವುದು ದಡದಿಂದ ಸಮುದ್ರದ ಕಡೆಗೆ. ಆ ಗಾಳಿಗೆ ಇಳಿದರೆ ನಿಮ್ಮನ್ನು ವಾಪಸ್ ತರಲು ದೋಣಿ ಬೇಕಾಗುತ್ತದೆ.

ಇದು ಹದವಾದ ಗಾಳಿ. ಚಂಡಮಾರುತದಂತೆ ಬೀಸುವುದಿಲ್ಲ. ಲೆಕ್ಕಕ್ಕೆ 14 ನಾಟ್ ಅಂತ ಇಟ್ಟುಕೊಳ್ಳೋಣ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ಅಲ್ಲಿಗೆ 14 ನಾಟ್ ಅಂದರೆ ಗಂಟೆಗೆ 26 ಕಿ.ಮೀ. ಆಯಿತು.

ಕೈಟ್ ಸೈಜಿಗೆ ಒಂದು ನಾಟಿ ಸೂತ್ರವಿದೆ. ನಿಮ್ಮ ತೂಕವನ್ನು ಗಾಳಿಯ ನಾಟ್‌ನಿಂದ ಭಾಗಿಸಿ, ಬಂದದ್ದನ್ನು 2.2ರಿಂದ ಗುಣಿಸಿ. 75 ಕೆ.ಜಿ. ಇದ್ದವರಿಗೆ 14 ನಾಟ್ ಗಾಳಿಯಲ್ಲಿ ಹತ್ತಿರ ಹತ್ತಿರ 12 ಚದರ ಮೀಟರ್ ಬರುತ್ತದೆ. 62 ಕೆ.ಜಿ.ಯ ನನ್ನ ತಮ್ಮನಿಗೆ 10. 90 ಕೆ.ಜಿ.ಯವರಿಗೆ 14. ಅವನು ತೋರಿಸಿದ 17 ಮೀಟರ್ ಕೈಟ್‌ಗೆ ಇದೇ ಲೆಕ್ಕ ತಿರುಗಿಸಿ ಹಾಕಿದರೆ 8 ನಾಟ್ ಬರುತ್ತದೆ. ಅಂದರೆ ಬಟ್ಟೆ ಒಣಗಿಸುವಷ್ಟು ಗಾಳಿ. ಅದಕ್ಕಿಂತ ಜಾಸ್ತಿ ಬೀಸಿದ ದಿನ ಅದು ಅವನನ್ನು ಮರಳಿನ ಮೇಲೆ ಎಳೆದುಕೊಂಡು ಹೋಗುತ್ತಿತ್ತು.

ಇದು ಅಂದಾಜು ಅಷ್ಟೆ. ಕೈಟ್‌ನ ಆಕಾರ, ಬೋರ್ಡ್, ನಿಮ್ಮ ಕೈ ಎಷ್ಟು ಪಳಗಿದೆ ಎಲ್ಲದರಿಂದಲೂ ಹೆಚ್ಚುಕಡಿಮೆ ಆಗುತ್ತದೆ. ಆದರೆ ‘ಚೀಪಾಗಿದೆ’ ಅಂತ ಯಾರಾದರೂ ಕೈಟ್ ತೋರಿಸಿದಾಗ ಮೊದಲು ಈ ಲೆಕ್ಕ ಹಾಕಿ. ಅರ್ಧಕ್ಕರ್ಧ ಜಾಹೀರಾತು ಇಲ್ಲೇ ಬಿದ್ದುಹೋಗುತ್ತವೆ. ಒಂದೇ ಕೈಟ್ ಕೊಳ್ಳುವವರು ಈ ಲೆಕ್ಕದ ಸೈಜನ್ನೇ ಕೊಳ್ಳಿ. ಎರಡನೆಯದರ ಮಾತು ಎರಡು ವರ್ಷ ಬಿಟ್ಟು.

ಹೆಜ್ಜೆ 3: ಹಾರ್ನೆಸ್

ಹಾರ್ನೆಸ್ ಅಂದರೆ ಕೈಟ್‌ನ ಎಳೆತ ತಡೆಯಲು ಮೈಗೆ ಕಟ್ಟಿಕೊಳ್ಳುವ ಪಟ್ಟಿ. ಕೊಳ್ಳುವುದರಲ್ಲಿ ಮೊದಲನೆಯದು ಇದು. ಕೈಟ್ ಅಲ್ಲ. ಯಾಕೆಂದರೆ ಇದು ಅಂಗಿ ಚಡ್ಡಿಯ ಹಾಗೆ, ನಿಮ್ಮ ಮೈಗೇ ಕೂರಬೇಕು. ಕ್ಲಾಸಿನ ಹಾರ್ನೆಸ್ ಹತ್ತು ಜನರ ಮೈಗೆ ಕೂತು ಸಡಿಲಾಗಿರುತ್ತದೆ.

ಎರಡು ತರಹ ಇವೆ. ಸೊಂಟಕ್ಕೆ ಬೆಲ್ಟಿನ ಹಾಗೆ ಕಟ್ಟುವುದು ಒಂದು. ತೊಡೆಗೂ ಪಟ್ಟಿ ಬರುವ, ಕೂರುವ ತರಹದ್ದು ಇನ್ನೊಂದು. ಹೊಸಬರು ಕೈಟನ್ನು ತಲೆಯ ಮೇಲೇ ಜಾಸ್ತಿ ಹೊತ್ತು ನಿಲ್ಲಿಸುತ್ತಾರೆ. ಆಗ ಸೊಂಟದ್ದು ಮೇಲೆ ಸರಿದು ಪಕ್ಕೆಲುಬಿಗೆ ಒತ್ತುತ್ತದೆ. ತೊಡೆಪಟ್ಟಿಯದು ಕದಲುವುದಿಲ್ಲ. ಹೊಟ್ಟೆ ಸ್ವಲ್ಪ ಮುಂದಿರುವವರಿಗೆ, ನನ್ನಂಥವರಿಗೆ, ಇದೇ ಸುಖ. ಬೀಚಿನಲ್ಲಿ ಯಾರೂ ಇದನ್ನು ‘ಸ್ಟೈಲ್’ ಅನ್ನುವುದಿಲ್ಲ, ಅದು ಬೇರೆ ಮಾತು.

ಪರೀಕ್ಷೆ ಸುಲಭ. ಹಳೇ ಮನೆಗಳಲ್ಲಿ ಜೋಕಾಲಿ ಕೊಂಡಿ ಇರುತ್ತದಲ್ಲ, ಅದಕ್ಕೆ ಗಟ್ಟಿ ಹಗ್ಗ ಹಾಕಿ ಹಾರ್ನೆಸ್‌ನ ಕೊಕ್ಕೆಯಿಂದ ಐದು ನಿಮಿಷ ನೇತಾಡಿ. ಅದು ಮೇಲೆ ಜರುಗಿದರೆ, ಕಂಕುಳಿಗೆ ಬಂದರೆ, ಆ ಸೈಜ್ ಬೇಡ. ನನ್ನ ಹೆಂಡತಿ ಇದನ್ನು ನೋಡಿ ಮೊದಲ ದಿನ ಹೆದರಿದ್ದಳು, ಈಗ ಫೋಟೊ ತೆಗೆಯುತ್ತಾಳೆ. ಹಳೆಯದು ಕೊಳ್ಳುವುದಾದರೆ ಕೊಕ್ಕೆ ಇರುವ ಸ್ಟೀಲ್ ಪಟ್ಟಿ ನೋಡಿ. ಕೊಕ್ಕೆ ಸವೆದಿರಬಾರದು, ಬೆಸುಗೆಯಲ್ಲಿ ಬಿರುಕು ಇರಬಾರದು, ಹೊಲಿಗೆ ಬಿಚ್ಚಿರಬಾರದು.

ಹೆಜ್ಜೆ 4: ತಲೆ ಮತ್ತು ಎದೆ

ನೀರಿನ ಆಟಕ್ಕೆಂದೇ ಮಾಡಿದ ಹೆಲ್ಮೆಟ್ ತೆಗೆದುಕೊಳ್ಳಿ. ಒಳಗೆ ಇಎನ್ 1385 ಅಂತ ಬರೆದಿರುತ್ತದೆ. ಬೈಕ್ ಹೆಲ್ಮೆಟ್ ನೀರು ಕುಡಿದು ಕುತ್ತಿಗೆಗೆ ಭಾರವಾಗುತ್ತದೆ. ಇದನ್ನು ಹೊಸದೇ ಕೊಳ್ಳಿ. ಯಾರ ತಲೆ ಎಲ್ಲಿ ಬಡಿದಿತ್ತೋ ಯಾರಿಗೆ ಗೊತ್ತು?

ಜಾಕೆಟ್ ವಿಷಯದಲ್ಲಿ ಅಂಗಡಿಯವರೂ ಗೊಂದಲ ಮಾಡುತ್ತಾರೆ. ಇಂಪ್ಯಾಕ್ಟ್ ವೆಸ್ಟ್ ಏಟು ತಡೆಯುತ್ತದೆ, ಆದರೆ ತೇಲಿಸುವ ಗ್ಯಾರಂಟಿ ಇಲ್ಲ. ಈಜು ಅಷ್ಟಕ್ಕಷ್ಟೇ ಇದ್ದರೆ ತೇಲಲು ನೆರವಾಗುವ ವೆಸ್ಟ್ ಅಂತಲೇ ಕೇಳಿ. ಅದು ಗಿಡ್ಡ ಇರಬೇಕು, ಹಾರ್ನೆಸ್ ಕೊಕ್ಕೆ ಮುಚ್ಚಬಾರದು.

ವೆಟ್‌ಸೂಟ್, ಅಂದರೆ ತಣ್ಣೀರಿಗೆ ಹಾಕುವ ದಪ್ಪ ರಬ್ಬರ್ ಉಡುಪು, ಬೇಡವೇ ಬೇಡ. ವಿದೇಶದ ಪಟ್ಟಿಗಳಲ್ಲಿ ಅದೇ ಮೊದಲು ಬರುತ್ತದೆ. ಅಲ್ಲಿ ನೀರು ತಣ್ಣಗೆ ಕೊರೆಯುತ್ತದೆ, ಇಲ್ಲಿ ಉಗುರುಬೆಚ್ಚಗೆ. ತುಂಬುತೋಳಿನ ಲೈಕ್ರಾ ಅಂಗಿ ಸಾಕು, ಬಿಸಿಲಿಗೂ ಆಯಿತು, ಹಾರ್ನೆಸ್ ಉಜ್ಜದಿರುವುದಕ್ಕೂ ಆಯಿತು.

ಹೆಜ್ಜೆ 5: ಬೋರ್ಡ್

ಎರಡೂ ತುದಿ ಒಂದೇ ತರಹ ಇರುವ ಟ್ವಿನ್ ಟಿಪ್ ತೆಗೆದುಕೊಳ್ಳಿ. ಹೊಸಬರಿಗೆ ದೊಡ್ಡದೇ ಒಳ್ಳೆಯದು. 65 ಕೆ.ಜಿ. ಒಳಗಿನವರಿಗೆ 138 ಸೆಂ.ಮೀ. ಆಸುಪಾಸು, 65ರಿಂದ 80ರವರೆಗೆ 140ರಿಂದ 145, ಅದರ ಮೇಲಿನವರಿಗೆ 148 ಅಥವಾ ಇನ್ನೂ ಉದ್ದ. ಅಗಲ 42 ಸೆಂ.ಮೀ. ಸುತ್ತಮುತ್ತ ಇರಲಿ. ಹದ ಗಾಳಿಯಲ್ಲಿ ದೊಡ್ಡ ಬೋರ್ಡ್ ಬೇಗ ನೀರಿನ ಮೇಲೆ ಏಳುತ್ತದೆ, ಗಾಳಿ ಬೀಸಿ ಬರುವ ಕಡೆಗೆ ವಾಪಸ್ ಬರಲೂ ಸುಲಭ. ಬೀಚಿನಲ್ಲಿ ಹೊಸಬರ ಅರ್ಧ ಸೀಸನ್ ಬೋರ್ಡ್ ಹೊತ್ತು ವಾಪಸ್ ನಡೆಯುವುದರಲ್ಲೇ ಹೋಗುತ್ತದೆ. ದೊಡ್ಡದಿದ್ದರೆ ಆ ನಡಿಗೆ ಕಡಿಮೆ.

ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದದ್ದು ಇದೊಂದೇ. ಗೀರು ಬಿದ್ದಿದ್ದರೆ ಇರಲಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಲ್ಲಿ ಬಡಿದು ನೋಡುತ್ತೇವಲ್ಲ, ಹಾಗೆ ಉದ್ದಕ್ಕೂ ಬಡಿಯಿರಿ. ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಅಂತ. ಅಂಚಿನಲ್ಲಿ ಬಿರುಕಿದ್ದರೆ ನೀರು ಒಳಹೊಕ್ಕು ಮರ ಉಬ್ಬುತ್ತದೆ. ಕಾಲುಪಟ್ಟಿ, ತಳದ ಸಣ್ಣ ರೆಕ್ಕೆಗಳ (ಫಿನ್) ಸ್ಕ್ರೂಗಳನ್ನು ಬಿಚ್ಚಿ ಹಾಕಿಸಿ ನೋಡಿ, ಉಪ್ಪಿಗೆ ತುಕ್ಕು ಹಿಡಿದು ಕೂತಿದ್ದರೆ ಬೆಲೆ ಇಳಿಸಿ.

ಸ್ಕೂಟರ್‌ನಲ್ಲಿ ಓಡಾಡುವವರಿಗೆ ಒಂದು ಮಾತು. ಕೈಟ್ ಬ್ಯಾಗ್ ಬೆನ್ನಿಗೆ ಕೂರುತ್ತದೆ. 140 ಸೆಂ.ಮೀ. ಬೋರ್ಡ್ ಕೂರುವುದಿಲ್ಲ. ಶಿವೋಲಿ ಸೇತುವೆ ಮೇಲೆ ಅದು ಗಾಳಿಗೆ ಅಡ್ಡ ತಿರುಗಿ ನನ್ನನ್ನು ಬೀಳಿಸಿಯೇಬಿಡುತ್ತಿತ್ತು. ಆಮೇಲೆ ಮೋರ್ಜಿಂನಲ್ಲೇ ಪರಿಚಯದವರ ಮನೆಯಲ್ಲಿ ಇಡುತ್ತಿದ್ದೇನೆ.

ಹೆಜ್ಜೆ 6: ಕೈಟ್ ನೋಡುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ, ದುಡ್ಡು ಜಾಸ್ತಿ ಹೋಗುವುದೂ ಮೋಸ ಜಾಸ್ತಿ ಆಗುವುದೂ ಇಲ್ಲೇ.

ನೀರಿಗೆ ಬಿದ್ದ ಕೈಟ್ ಮತ್ತೆ ಏಳುವಂತೆ ಗಾಳಿ ತುಂಬಿದ ಕೊಳವೆ ಇಡುವ ಉಪಾಯಕ್ಕೆ ಫ್ರಾನ್ಸಿನ ಲೆಗೆನ್ಯೂ ಸೋದರರು 1984ರಲ್ಲಿ ಪೇಟೆಂಟ್ ಪಡೆದರು. ಈಗಲೂ ಹೆಚ್ಚಿನ ಕೈಟ್‌ಗಳು ಅದೇ ಹಾದಿಯವು. ಆದರೆ ಹಳೆಯ ಸಿ ಆಕಾರದವುಗಳಲ್ಲಿ ಗಾಳಿ ಜೋರಾದಾಗ ಬಲ ಪೂರ್ತಿ ಇಳಿಸಲು ಬರುತ್ತಿರಲಿಲ್ಲ. 2005ರ ಸುಮಾರಿಗೆ ಬೋ ಕೈಟ್ ಬಂದ ಮೇಲೆ ಬಾರನ್ನು ದೂರ ತಳ್ಳಿದರೆ ಎಳೆತ ಬಹುಪಾಲು ಇಳಿಯುವಂತಾಯಿತು. ಕಲಿಯುವವರು ಬೋ, ಡೆಲ್ಟಾ, ಹೈಬ್ರಿಡ್ ಈ ಮೂರು ಆಕಾರಗಳಲ್ಲಿ ಒಂದನ್ನು ನೋಡಿ. ಸಿ ಕೈಟ್ ಎಷ್ಟೇ ಚೀಪಾಗಿ ಸಿಕ್ಕರೂ ಬೇಡ. ಗಾಳಿಕೊಳವೆ ಇಲ್ಲದ ಫಾಯಿಲ್ ಕೈಟ್ ಕೂಡ ಈಗ ಬೇಡ.

ಹೊಸ ಕೈಟ್, ಬಾರ್ ಸೇರಿದರೆ ಒಳ್ಳೆಯ ಕಂಪನಿಯದು ಲಕ್ಷದ ಮೇಲೇ ಹೋಗುತ್ತದೆ. ಅದಕ್ಕೇ ಮೂರ್ನಾಲ್ಕು ವರ್ಷ ಹಳೆಯದನ್ನು ಹುಡುಕಿ. ವಯಸ್ಸಿಗಿಂತ ಬಿಸಿಲಿನಲ್ಲಿ ಕಳೆದ ಗಂಟೆ ಮುಖ್ಯ. ಎರಡೇ ಸೀಸನ್ ಆದರೂ ದಿನವಿಡೀ ಬೀಚಿನಲ್ಲಿ ಬಿದ್ದಿದ್ದ ಕೈಟ್ ಮುದುಕನಾಗಿರುತ್ತದೆ.

ಬಟ್ಟೆ ಮುಟ್ಟಿ ನೋಡಿ. ಹೊಸ ನೋಟಿನ ಹಾಗೆ ಗರಗರ ಅನ್ನಬೇಕು. ತೊಳೆದು ತೊಳೆದು ಸೋತ ಪಂಚೆಯ ಹಾಗೆ ಮೆತ್ತಗಾಗಿದ್ದರೆ ಬಿಸಿಲು ಅದನ್ನು ತಿಂದಿದೆ. ಸೂರ್ಯನಿಗೆ ಅಡ್ಡ ಹಿಡಿಯಿರಿ. ಸೂಜಿಕಣ್ಣಿನಷ್ಟು ತೂತು ಒಂದೆರಡಿದ್ದರೆ ಅಂಟಿಸುವ ಪಟ್ಟಿ ಹಾಕಬಹುದು, ಜರಡಿಯ ಹಾಗೆ ಕಂಡರೆ ನಮಸ್ಕಾರ ಹೇಳಿ ಬನ್ನಿ. ಹಿಂದಿನ ಅಂಚು ಗಾಳಿಗೆ ಪಟಪಟ ಬಡಿದು ಮೊದಲು ಸೋಲುತ್ತದೆ, ಅಲ್ಲಿ ಎರಡು ಹೆಬ್ಬೆರಳು ಇಟ್ಟು ಎಳೆದು ನೋಡಿ.

ಆಮೇಲೆ ಪಂಪ್ ಹಾಕಿಸಿ. ಎಷ್ಟು ಒತ್ತಡ ಅಂತ ವಾಲ್ವ್ ಪಕ್ಕದಲ್ಲೇ ಅಚ್ಚಾಗಿರುತ್ತದೆ. ತುಂಬಿಸಿ, ನೆರಳಿನಲ್ಲಿಟ್ಟು ಎರಡು ಗಂಟೆ ಕಾಯಿರಿ. ಮಾರುವವರು ‘ಟೈಮಿಲ್ಲ’ ಅಂದರೆ ನಿಮಗೂ ಟೈಮಿಲ್ಲ ಅನ್ನಿ. ನಾನು ಮೊದಲ ಕೈಟ್ ಕೊಂಡಾಗ ಕಾಯಲಿಲ್ಲ. ಮಾರಿದವನು ಮಾತಿನಲ್ಲಿ ಒಳ್ಳೆಯವನು, ಚಹಾ ಬೇರೆ ಕುಡಿಸಿದ. 28 ಸಾವಿರ ಕೊಟ್ಟು ತಂದೆ. ಎರಡನೆಯ ಭಾನುವಾರ ನೀರಿನ ಮಧ್ಯೆ ವಾಲ್ವ್‌ನ ಅಂಟು ಬಿಟ್ಟು ಕೈಟ್ ಒದ್ದೆ ಸೀರೆಯ ಹಾಗೆ ಕುಸಿಯಿತು. ಅದನ್ನು ಎಳೆದುಕೊಂಡು ಈಜಿ ದಡ ಸೇರಲು ಮುಕ್ಕಾಲು ಗಂಟೆ. ಸೆಕೆಯಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಹಳೆಯ ವಾಲ್ವ್‌ಗಳ ಅಂಟು ಮೆತ್ತಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಈಗ ಪ್ರತಿ ವಾಲ್ವ್‌ನ ಬುಡವನ್ನೂ ಉಗುರಲ್ಲಿ ಒತ್ತಿ ನೋಡುತ್ತೇನೆ. ಅಂಚು ಎದ್ದಿದ್ದರೆ ಸೋಪಿನ ನೀರು ಹಚ್ಚುತ್ತೇನೆ, ಗುಳ್ಳೆ ಬಂದರೆ ಸೋರುತ್ತಿದೆ ಅಂತ.

ಕೊನೆಗೆ ಸೂತ್ರ. ಗಾಳಿಪಟಕ್ಕೆ ಸೂತ್ರ ಕಟ್ಟುವವರಿಗೆ ಇದು ಹೇಳಿಕೊಡಬೇಕಿಲ್ಲ, ಸೂತ್ರ ಸರಿಯಿಲ್ಲದಿದ್ದರೆ ಪಟ ಗೋತಾ ಹೊಡೆಯುತ್ತದೆ. ಮುಂದಿನ ಕೊಳವೆಯಿಂದ ಬರುವ ಸಣ್ಣ ದಾರಗಳು ಸವೆದು ನಾರಾಗಿದ್ದರೆ, ರಾಟೆಗಳು ಉಪ್ಪು ಹಿಡಿದು ತಿರುಗದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಟ್ಟೆಯ ಸಣ್ಣ ಹರಕಿಗೆ ತೇಪೆ ಓಕೆ. ಮುಂದಿನ ಕೊಳವೆಯ ಹೊಲಿಗೆ ಬಿಟ್ಟಿದ್ದರೆ ಮಾಪ್ಸಾದ ದರ್ಜಿಯ ಕೈಲಿ ಅದು ಆಗುವ ಕೆಲಸವಲ್ಲ. ನಾನು ಕೇಳಿಯೂ ನೋಡಿದ್ದೇನೆ, ಆತ ನಕ್ಕ.

ಹೆಜ್ಜೆ 7: ಬಾರ್ ಮತ್ತು ಬಿಡುಗಡೆ

ಜೀವ ಇರುವುದು ಇಲ್ಲಿ. ಬಾರ್ ಅಂದರೆ ಕೈಯಲ್ಲಿ ಹಿಡಿಯುವ ಕೋಲು, 20ರಿಂದ 24 ಮೀಟರ್ ಉದ್ದದ ನಾಲ್ಕೋ ಐದೋ ಲೈನ್, ಹಾರ್ನೆಸ್‌ಗೆ ಸಿಕ್ಕಿಸುವ ಚಿಕನ್ ಲೂಪ್ ಅನ್ನುವ ಬಳೆ, ಮತ್ತು ತಕ್ಷಣ ಬಿಡಿಸಿಕೊಳ್ಳುವ ಕ್ವಿಕ್ ರಿಲೀಸ್. ಗಾಳಿ ಕೆಟ್ಟರೆ, ಯಾರಿಗಾದರೂ ಲೈನ್ ಸುತ್ತಿಕೊಂಡರೆ, ಆ ರಿಲೀಸನ್ನು ಒಂದೇ ಸಲ ದೂಡಿದರೆ ಕೈಟ್‌ನ ಬಲ ಸತ್ತುಹೋಗಬೇಕು. ಹಾರ್ನೆಸ್‌ಗೆ ಕಟ್ಟಿದ ಸೇಫ್ಟಿ ಲೀಶ್ ಅನ್ನುವ ಹಗ್ಗ ಒಂದು ಲೈನ್ ಮೇಲೆ ಕೈಟನ್ನು ಹಿಡಿದಿರುತ್ತದೆ. ಅದೂ ಬೇಡ ಅನ್ನಿಸಿದರೆ ಲೀಶ್‌ನ ಎರಡನೆಯ ರಿಲೀಸ್ ಎಳೆದು ಕೈಟನ್ನೇ ಬಿಟ್ಟುಬಿಡಬೇಕು.

ಈ ರಿಲೀಸ್‌ಗಳಿಗೆ 2020ರಲ್ಲಿ ಐಎಸ್‌ಒ 21853 ಅನ್ನುವ ಮಾನದಂಡ ಬಂತು. ಹೊಸ ಬಾರ್ ಕೊಳ್ಳುವುದಾದರೆ ಆ ಸಂಖ್ಯೆ ಕೇಳಿ. ನನ್ನ ಸಲಹೆ: ಕೈಟ್ ಹಳೆಯದಿರಲಿ, ಬಾರ್ ಹೊಸದಿರಲಿ. ಎರಡೂ ಒಂದೇ ಕಂಪನಿಯದಾಗಿರಲಿ, ಆ ಮಾಡೆಲ್‌ಗೆ ಆ ಬಾರ್ ಆಗುತ್ತದೆ ಅಂತ ಕಂಪನಿಯ ಕೈಪಿಡಿಯಲ್ಲೇ ನೋಡಿಕೊಳ್ಳಿ. ಬೇರೆ ಬೇರೆ ಕಂಪನಿಯದನ್ನು ಜೋಡಿಸಿದರೆ ಹಾರಬಹುದು, ಆದರೆ ರಿಲೀಸ್ ಮಾಡಿದಾಗ ಬಲ ಪೂರ್ತಿ ಸಾಯದೆ ಇರಬಹುದು. ಅದು ತಿಳಿಯುವುದು ಬೇಡದ ಹೊತ್ತಿನಲ್ಲಿ.

ಹಳೆಯ ಬಾರ್ ಅನಿವಾರ್ಯವಾದರೆ ಹೀಗೆ ಪರೀಕ್ಷಿಸಿ. ನಾಲ್ಕೂ ಲೈನ್‌ಗಳ ತುದಿಯನ್ನು ಒಂದೇ ಮೊಳೆಗೆ ಸಿಕ್ಕಿಸಿ, ಪೂರ್ತಿ ಬಿಚ್ಚಿ, ಬಾರ್ ಹಿಡಿದು ಬಿಗಿಯಾಗಿ ಎಳೆಯಿರಿ. ಬಾರ್ ನೇರ ನಿಲ್ಲಬೇಕು. ಓರೆಯಾದರೆ ಒಂದು ಲೈನ್ ಹಿಗ್ಗಿದೆ. ಸ್ವಲ್ಪ ವ್ಯತ್ಯಾಸವನ್ನು ತುದಿಯ ಗಂಟು ಬದಲಿಸಿ ಸರಿಮಾಡಬಹುದು. ಲೈನನ್ನು ಇಡೀ ಉದ್ದಕ್ಕೂ ಬೆರಳುಗಳ ನಡುವೆ ನಿಧಾನಕ್ಕೆ ಸರಿಸಿ. ಮಧ್ಯೆ ಗಂಟಿದ್ದರೆ ಅಲ್ಲಿ ಬಲ ತುಂಬಾ ಕಡಿಮೆ. ಆಮೇಲೆ ಹಾರ್ನೆಸ್ ಹಾಕಿ, ಸ್ನೇಹಿತನಿಗೆ ಲೈನ್ ಎಳೆಯಲು ಹೇಳಿ, ಭಾರ ಬಿದ್ದಿರುವಾಗಲೇ ರಿಲೀಸ್ ದೂಡಿ. ಮೂರು ಸಲ, ಮೂರೂ ಸಲ ಒಂದೇ ಏಟಿಗೆ ಬಿಡಬೇಕು. ಒಂದು ಸಲ ತಡವರಿಸಿದರೂ ಬೇಡ. ‘ಮರಳು ಸಿಕ್ಕಿದೆ, ತೊಳೆದರೆ ಸರಿಹೋಗುತ್ತದೆ’ ಅನ್ನುತ್ತಾರೆ. ತೊಳೆದು ತೋರಿಸಲಿ.

ಬಾರ್‌ನಲ್ಲಿ ಎಡಗೈ ಕಡೆ ಕೆಂಪು. ಇದನ್ನು ಮರೆತು ತಿರುಗಿಸಿ ಜೋಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹಾರ್ನೆಸ್‌ನಲ್ಲಿ ಲೈನ್ ಕತ್ತರಿಸುವ ಕೊಕ್ಕೆಚಾಕು ಇಲ್ಲದಿದ್ದರೆ ಒಂದು ಕೊಳ್ಳಿ.

ಹೆಜ್ಜೆ 8: ಯಾವಾಗ, ಯಾರ ಹತ್ತಿರ

ಮಾರ್ಚ್, ಏಪ್ರಿಲ್. ಸೀಸನ್ ಮುಗಿಸಿ ಊರಿಗೆ ಹೊರಡುವವರು ವಿಮಾನದಲ್ಲಿ ಬೋರ್ಡ್ ಹೊರುವ ಬದಲು ಇಲ್ಲೇ ಮಾರುತ್ತಾರೆ. ಕಲಿಸುವವರೂ ಆಗಲೇ ಹಳೆಯದನ್ನು ತೆಗೆಯುತ್ತಾರೆ. ಕ್ಲಾಸಿನ ಕೈಟ್‌ಗಳು ತುಂಬಾ ಪೆಟ್ಟು ತಿಂದಿರುತ್ತವೆ, ಬೋರ್ಡ್, ಹಾರ್ನೆಸ್ ಪರವಾಗಿಲ್ಲ. ಡಿಸೆಂಬರ್‌ನಲ್ಲಿ ಕೊಳ್ಳಲು ಹೋದರೆ ಅದೇ ಸಾಮಾನಿಗೆ ಜಾಸ್ತಿ ಕೇಳುತ್ತಾರೆ. ಹಾಗಾಗಿ ಜನವರಿಯಲ್ಲಿ ಕ್ಲಾಸ್, ಫೆಬ್ರುವರಿಯಲ್ಲಿ ಬಾಡಿಗೆ, ಏಪ್ರಿಲ್‌ನಲ್ಲಿ ಖರೀದಿ, ಇದು ನನಗೆ ಕಂಡ ಸರಿಯಾದ ಕ್ರಮ.

ವಿದೇಶದ ವೆಬ್‌ಸೈಟಿನಲ್ಲಿ ಬೆಲೆ ನೋಡಿ ಮರುಳಾಗಬೇಡಿ. ಕಸ್ಟಮ್ಸ್ ಸುಂಕ ಸಾಗಣೆ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕವಾಗುತ್ತದೆ. ಬಳಸಿದ ಸಾಮಾನು ತರಿಸುವುದಕ್ಕೆ ನಿರ್ಬಂಧವೂ ಇದೆ.

ವರ್ಷಕ್ಕೆ ಹತ್ತು ದಿನವೂ ಬರಲಾಗದವರು, ಹುಬ್ಬಳ್ಳಿ, ಬೆಳಗಾವಿಯಿಂದ ಬರುವವರು, ಕೈಟ್ ಕೊಳ್ಳಲೇಬೇಡಿ. ಹಾರ್ನೆಸ್, ಹೆಲ್ಮೆಟ್ ಸ್ವಂತದ್ದಿರಲಿ, ಉಳಿದದ್ದು ಬಾಡಿಗೆ.

ನನ್ನ ಎರಡನೆಯ ಸುತ್ತಿನ ಲೆಕ್ಕ ಹೀಗಿತ್ತು: ಹಳೆಯ ಹಾರ್ನೆಸ್ 5 ಸಾವಿರ, ಹೆಲ್ಮೆಟ್ ಮತ್ತು ವೆಸ್ಟ್ 9 ಸಾವಿರ, ಹಳೆಯ ಬೋರ್ಡ್ 15 ಸಾವಿರ, ಮೂರು ವರ್ಷದ 12 ಮೀಟರ್ ಕೈಟ್ 32 ಸಾವಿರ, ಹೊಸ ಬಾರ್ 36 ಸಾವಿರ. ಒಟ್ಟು 97 ಸಾವಿರ. ಕೈಟ್‌ಗಿಂತ ಬಾರ್‌ಗೆ ಜಾಸ್ತಿ ಕೊಟ್ಟಿದ್ದೀಯಾ ಅಂತ ಗೆಳೆಯರು ನಗುತ್ತಾರೆ. ನಗಲಿ.

ಮಳೆಗಾಲಕ್ಕೆ ಮುಂಚೆ

ಏಪ್ರಿಲ್‌ನಲ್ಲಿ ಕೊಂಡರೆ ಮುಂದಿನ ಕೆಲಸ ಕಾಪಾಡುವುದು. ಗೋವಾದ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಬಾರ್, ರಿಲೀಸ್, ರಾಟೆಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ಕೈಟನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಮರಳು ಕೊಡವಿ, ಸಡಿಲವಾಗಿ ಮಡಚಿ. ಬ್ಯಾಗಿನ ಜಿಪ್ ಸ್ವಲ್ಪ ತೆರೆದೇ ಇರಲಿ. ತಿಂಗಳಿಗೊಮ್ಮೆ ಬಿಸಿಲು ಬಿದ್ದ ದಿನ ಫ್ಯಾನ್ ಕೆಳಗೆ ಹರಡಿ. ಹಾಲ್ ತುಂಬುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ತಮ್ಮ ಜನವರಿಯಲ್ಲಿ ಚೋರ್ಲಾ ಘಾಟ್ ಇಳಿದು ಬಂದು ಹತ್ತು ಗಂಟೆ ಕ್ಲಾಸ್ ಮುಗಿಸಿದ. ಸದ್ಯಕ್ಕೆ ಒಂದು ಹಾರ್ನೆಸ್ ಮಾತ್ರ ಕೊಂಡಿದ್ದಾನೆ. ಅದನ್ನು ಹಾಕಿಕೊಂಡು ಚಿಕ್ಕಮ್ಮನ ಮನೆಯ ಜೋಕಾಲಿ ಕೊಂಡಿಗೆ ನೇತಾಡುತ್ತಿರುವ ಫೋಟೊ ಮೊನ್ನೆ ಕಳಿಸಿದ್ದ. ಹಾರ್ನೆಸ್ ಕಂಕುಳವರೆಗೆ ಬಂದಿತ್ತು. ಒಂದು ಸೈಜ್ ಚಿಕ್ಕದು ತಗೋ ಅಂತ ಬರೆದೆ.